ಕಣದಲ್ಲಿ ಎತ್ತಿಟ್ಟ ರಾಗಿ

ಈ ವರ್ಷ ನಮ್ಮ ರಾಗಿ ರಾಶಿಯ ಮೊದಲ ಕೊಳಗವನ್ನು ನಾನು ಕ್ಯೂಬಾ ದೇಶಕ್ಕೆ ಎತ್ತಿಟ್ಟೆ. ಊರಿನವರು ಇದನ್ನು ಇನ್ನೂ ಆಡಿಕೊಂಡು ನಗುತ್ತಾರೆ. ನಗಲಿ. ಅವರು ಆಡಿಕೊಳ್ಳುವುದು ಅರ್ಧ ಕತೆ, ಉಳಿದ ಅರ್ಧವನ್ನು ನಾನೇ ಬರೆದಿಡುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ತಿದ್ದು, ಮಾತು ಮಾತ್ರ ಮುಟ್ಟಬೇಡ ಎಂದು ಮೊಮ್ಮಗಳಿಗೆ ಹೇಳಿದ್ದೇನೆ.

ನಮ್ಮೂರು ಮಧುಗಿರಿ ತಾಲ್ಲೂಕಿನದು, ಕೊರಟಗೆರೆ ಗಡಿಗೆ ಅಂಟಿಕೊಂಡಿದೆ. ಈಗ ಇಲ್ಲಿ ಕಣ ಮಾಡುವವರು ಕಡಿಮೆ. ಮಿಷನ್ನು ಹೊಲಕ್ಕೇ ಬಂದು ಕೊಯ್ದು, ಬಡಿದು, ಚೀಲಕ್ಕೆ ಸುರಿದು ಹೋಗುತ್ತದೆ. ಕೆಲವರು ತೆನೆಯನ್ನು ಟಾರು ರಸ್ತೆಗೆ ಹರವಿ ಬಸ್ಸು ಲಾರಿಗಳ ಕೈಯಲ್ಲಿ ತುಳಿಸುತ್ತಾರೆ. ನಾನು ಮಾತ್ರ ಸಗಣಿ ಬಳಿದ ಕಣದಲ್ಲೇ ಒಕ್ಕಣೆ ಮಾಡಿಸುತ್ತೇನೆ. ಭಕ್ತಿಯಿಂದ ಅಲ್ಲ. ರಸ್ತೆಯ ರಾಗಿಯಲ್ಲಿ ಕಲ್ಲು ಸಿಗುತ್ತದೆ, ನನಗೆ ಉಳಿದಿರುವ ಹಲ್ಲು ಕಡಿಮೆ.

ತೂರಿ ರಾಶಿ ಮಾಡಿದ ಮೇಲೆ, ಸುತ್ತ ಬೂದಿಯ ಗೆರೆ ಎಳೆದು, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ, ಕೊಳಗದಲ್ಲಿ ಅಳೆಯುವುದು ವಾಡಿಕೆ. ನಮ್ಮ ಮನೆತನದಲ್ಲಿ ಮೊದಲ ಕೊಳಗ ಮನೆಯೊಳಕ್ಕೆ ಹೋಗುವಂತಿಲ್ಲ. ಅದು ಕಣಕ್ಕೆ ಬಂದವರದು. ಯಾರಿಗೆ ಎಂದು ಅಳೆಯುವವರು ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆ ಮುಗಿಯಿತು. ಆ ಕಾಳು ಹೊಸಿಲು ದಾಟಿದರೆ ಮನೆಯ ಮಾತು ಸತ್ತಂತೆ. ನಮ್ಮತ್ತೆ ಬದುಕಿರುವ ತನಕ ಹಾಗೇ ನಡೆಸಿದಳು, ನಾನೂ ನಡೆಸಿದೆ. ಬುಟ್ಟಿ ಹೆಣೆಯುವವನೋ, ಹಾವಾಡಿಗನೋ, ಯಾರೋ ಒಬ್ಬರು ಬರುತ್ತಿದ್ದರು. ಈ ಸಲ ಕಣಕ್ಕೆ ಬಂದವಳು ನನ್ನ ಮೊಮ್ಮಗಳು.

ಅವಳು ತುಮಕೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದವಳು ಸುಮ್ಮನೆ ಇರಲಿಲ್ಲ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದಳು.

"ಅಜ್ಜಿ, ನಿನ್ ಕಡೆಯಿಂದ ಒಂದ್ ಸೋಪು ಕೊಡು, ಸಾಕು."

"ಯಾರಿಗೆ?"

"ಕ್ಯೂಬಾದೋರ್ಗೆ."

"ಯಾವ ಹೋಬ್ಳಿ ಅದು?"

ಅವಳು ನಗಲಿಲ್ಲ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದಳು. ಸಮುದ್ರದ ನಡುವೆ ಒಂದು ಸಣ್ಣ ದೇಶವಂತೆ. ಪಕ್ಕದಲ್ಲೇ ಅಮೇರಿಕ. ಅಮೇರಿಕ ಹೇಳಿದ ಹಾಗೆ ಕೇಳುವುದಿಲ್ಲ ಎಂದು ಅರವತ್ತು ವರ್ಷಕ್ಕೂ ಮೇಲಾಯಿತಂತೆ, ಆ ದೇಶಕ್ಕೆ ಯಾರೂ ಏನೂ ಮಾರಕೂಡದು, ಅವರಿಂದ ಕೊಳ್ಳಕೂಡದು ಎಂದು ಕಟ್ಟು ಹಾಕಿದ್ದಾರೆ. ಈಗ ಎಣ್ಣೆ ಹಡಗುಗಳನ್ನೂ ಬಿಡುತ್ತಿಲ್ಲ. ಎಣ್ಣೆಯಿಲ್ಲದೆ ಕರೆಂಟಿಲ್ಲ. ಆಸ್ಪತ್ರೆಯಲ್ಲಿ ಕೈ ತೊಳೆಯಲು ಸೋಪಿಗೂ ತತ್ವಾರ. ನಾಲ್ಕು ತಾಲ್ಲೂಕಿನ ಹುಡುಗರು ಹುಡುಗಿಯರು ಸೇರಿ ಸಾಮಾನು ಕೂಡಿಸುತ್ತಿದ್ದಾರೆ, ಶಿರಾದಲ್ಲಿ ದೊಡ್ಡ ರಸ್ತೆ ಇರುವುದರಿಂದ ಎಲ್ಲವನ್ನೂ ಅಲ್ಲಿ ಸೇರಿಸಿ ಶುಕ್ರವಾರ ಲಾರಿಯಲ್ಲಿ ಬಂದರಿಗೆ ಕಳಿಸುತ್ತಾರೆ. ಇಷ್ಟು.

ಕಣದಲ್ಲಿ ಆಗ ಟ್ರ್ಯಾಕ್ಟರ್ ಯಜಮಾನನೂ ನಿಂತಿದ್ದ. ನಮ್ಮೂರಲ್ಲಿ ಟ್ರ್ಯಾಕ್ಟರು ಅವನದು, ಪಂಚಾಯ್ತಿ ಮೆಂಬರೂ ಅವನೇ, ಒಂದು ಕಾಲಕ್ಕೆ ಹಿಟ್ಟಿನ ಮಿಲ್ಲು ಅವರಪ್ಪನದು. ನನ್ನನ್ನು ದೊಡ್ಡವ್ವ ಎನ್ನುತ್ತಾನೆ.

"ಅಲ್ಲಿ ಸರ್ಕಾರನೇ ಸರಿಯಿಲ್ವಂತೆ ಕಣ್ ದೊಡ್ಡವ್ವ. ಮಾತಾಡ್ದೋರ್ನ ಒಳಗಾಕ್ತಾರಂತೆ. ಅಂತೋರ್ಗೆ ಬುದ್ಧಿ ಕಲಿಸ್ದೆ ಇನ್ನೇನ್ ಮಾಡ್ತಾರೆ?" ಎಂದ.

ನಾನು ಅವನ ಮುಖ ನೋಡಿದೆ. ಅವನಿಗೆ ನೆನಪಿತ್ತೋ ಇಲ್ಲವೋ, ನನಗೆ ನೆನಪಿತ್ತು.

ನಾನು ಈ ಮನೆಗೆ ಬಂದು ಎರಡನೇ ಮಗು ಇನ್ನೂ ಕೈಗೂಸು. ನಮ್ಮ ಮಾವ ಕೆರೆ ಅಂಗಳದ ಜಮೀನಿಗಾಗಿ ಊರಿನ ಮೇಲೆ ಕೇಸು ಹಾಕಿದ್ದ. ವಾಪಸ್ ತೆಗೆದುಕೋ ಎಂದರು, ತೆಗೆದುಕೊಳ್ಳಲಿಲ್ಲ. ಊರವರು ಸೇರಿ ನಮ್ಮ ಮನೆಗೆ ಕಟ್ಟು ಹಾಕಿದರು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಕ್ಷೌರಕ್ಕೆ ಬರಲಿಲ್ಲ, ಹಾಲು ಹಾಕಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹಿಂಡಿದ್ದು ಮಿಲ್ಲು. ಮಿಲ್ಲು ಬಂದ ಮೇಲೆ ನಮ್ಮತ್ತೆ ಬೀಸುವ ಕಲ್ಲನ್ನು ಕೊಟ್ಟುಬಿಟ್ಟಿದ್ದಳು. ಮನೆ ತುಂಬ ರಾಗಿ, ಹಿಟ್ಟು ಮಾತ್ರ ಇಲ್ಲ. ಮಕ್ಕಳಿಗೆ ರಾಗಿ ಬೇಯಿಸಿ ಹಾಕಿದರೆ ಹೊಟ್ಟೆ ಕೆಡುತ್ತಿತ್ತು. ಮಾವ ದೇವರಂಥವನೇನಲ್ಲ. ಆ ಕೇಸಿನಲ್ಲಿ ಅರ್ಧ ತಪ್ಪು ಅವನದೇ, ಇದನ್ನು ನಾನು ಅವನ ಎದುರೇ ಹೇಳಿದ್ದೇನೆ. ಆದರೆ ಮಾವ ಹೊರಗೆ ತಿರುಗುವ ಗಂಡಸು, ಹೋಟೆಲಿನಲ್ಲಿ ತಿಂದು ಬರುತ್ತಿದ್ದ. ಕಟ್ಟು ಬಿದ್ದದ್ದು ಅವನ ಹೊಟ್ಟೆಗಲ್ಲ, ನನ್ನ ಮಕ್ಕಳ ಹೊಟ್ಟೆಗೆ.

ನಾನು ರಾಗಿ ಚೀಲ ತಲೆ ಮೇಲೆ ಹೊತ್ತುಕೊಂಡು ಹೊಳವನಹಳ್ಳಿಯ ಮಿಲ್ಲಿಗೆ ನಡೆದೆ. ಅಲ್ಲಿಗೂ ನಮ್ಮೂರವರು ಹೇಳಿಕಳಿಸಿದ್ದರು. ಮಿಲ್ಲಿನವನು ಯಾವೂರಮ್ಮ ಎಂದು ಕೇಳಿದ. ಊರ ಹೆಸರು ಹೇಳಿದರೆ ಹಿಟ್ಟಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬಳು ಹೆಂಗಸು ನನ್ನ ಚೀಲವನ್ನು ಕಾಲಿನಲ್ಲಿ ತನ್ನ ಚೀಲದ ಪಕ್ಕಕ್ಕೆ ತಳ್ಳಿಕೊಂಡಳು.

"ಅದೂ ನಂದೇ, ಹಾಕಪ್ಪ," ಎಂದಳು. ನನ್ನ ಕಡೆ ತಿರುಗಿ, "ನೀನು ಬಾಯ್ ಮುಚ್ಕಂಡ್ ನಿಂತ್ಕ," ಎಂದು ಗದರಿಸಿದಳು.

ಹಿಟ್ಟು ಬೀಸಿ ಆಯಿತು. ಅವಳು ತನ್ನ ಚೀಲ ಎತ್ತಿಕೊಂಡು ಹೋದಳು. ಯಾವ ಜಾತಿ, ಯಾವ ಹಟ್ಟಿ, ಹೆಸರೇನು, ಒಂದೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಹೊಳವನಹಳ್ಳಿ ಸಂತೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಮಾವ ಕೇಸು ಸೋತ, ಆದರೆ ವಾಪಸ್ ತೆಗೆಯಲಿಲ್ಲ. ಊರವರಿಗೆ ಕಟ್ಟು ಹಾಕಿ ಹಾಕಿ ಬೇಜಾರಾಗಿ ತಾವೇ ಬಿಟ್ಟರು.

ಕಣದಲ್ಲಿ ನಿಂತು ಟ್ರ್ಯಾಕ್ಟರಿನವನು ಬುದ್ಧಿ ಕಲಿಸುವ ಮಾತಾಡಿದಾಗ ನನಗೆ ರೇಗಿತು. ಕೊಳಗ ತುಂಬಿ, ಅದರ ತಲೆ ಸವರಿ ಸಮ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇದು ಕ್ಯೂಬಾದೋರ್ದು."

ಮೊಮ್ಮಗಳು "ಅಜ್ಜಿ, ಅಜ್ಜಿ, ಸೋಪು..." ಎಂದು ಏನೋ ಹೇಳಲು ಬಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಸಂಜೆಯೊಳಗೆ ಊರೆಲ್ಲ ಸುದ್ದಿ. ಮಾರನೆಯ ದಿನದಿಂದ ಹೆಂಗಸರು ಮೊರದಲ್ಲಿ ರಾಗಿ ತರತೊಡಗಿದರು. ಎಲ್ಲರೂ ಕ್ಯೂಬಾದ ಮೇಲಿನ ಪ್ರೀತಿಯಿಂದ ತಂದರು ಎಂದು ನಾನು ಹೇಳುವುದಿಲ್ಲ. ಒಬ್ಬಳು ನನ್ನ ಮೊಮ್ಮಗಳು ಅವಳ ಅತ್ತೆಗೆ ಬಿಪಿ ನೋಡಿದಳೆಂದು ತಂದಳು. ಇನ್ನೊಬ್ಬಳು ಟ್ರ್ಯಾಕ್ಟರಿನವನಿಗೆ ಉರಿಯಲಿ ಎಂದೇ ತಂದಳು, ಬಾಯಿಬಿಟ್ಟು ಹೇಳಿದಳು ಕೂಡ. ಕೆರೆ ಹಿಂದಿನ ಹಟ್ಟಿಯ ಮುದುಕಿಯೊಬ್ಬಳು, "ಕಟ್ಟು ಅಂದ್ರೆ ಏನೂಂತ ನಂಗೊತ್ತು ಕಣವ್ವ," ಎಂದಷ್ಟೇ ಹೇಳಿ ಸುರಿದು ಹೋದಳು. ಅವಳ ಹಟ್ಟಿಯವರಿಗೆ ನಮ್ಮೂರ ಬಾವಿಯೇ ಎಷ್ಟು ಕಾಲ ಮುಚ್ಚಿತ್ತು ಎಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ. ಒಬ್ಬಳು ಹುಳ ಹಿಡಿದ ರಾಗಿ ತಂದಿದ್ದಳು, ಅವಳನ್ನು ಮಾತ್ರ ವಾಪಸ್ ಕಳಿಸಿದೆ. ಎಲ್ಲ ಸೇರಿ ಮೂರು ಮೂಟೆ ಆಯಿತು. ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ.

ಬುಧವಾರ ಮೊಮ್ಮಗಳು ಫೋನು ಹಿಡಿದುಕೊಂಡು ಒಳಗೆ ಹೊರಗೆ ಓಡಾಡಿದಳು. ಕೊನೆಗೆ ನನ್ನ ಮುಂದೆ ನಿಂತಳು.

"ಅಜ್ಜಿ, ಕಾಳು ಕಡ್ಡಿ ಹಡಗಿಗೆ ತಗಳಲ್ವಂತೆ. ಹುಳ ಬೀಳತ್ತೆ, ಅದಕ್ಕೆ ಬೇರೆ ರೂಲ್ಸ್ ಐತಂತೆ. ಸೋಪು, ಹತ್ತಿ, ಬ್ಯಾಂಡೇಜು ಇಂಥವೇ ಆಗ್ಬೇಕಂತೆ. ಅವತ್ತೇ ಹೇಳಕ್ ಬಂದೆ, ನೀನ್ ಕೇಳ್ಲಿಲ್ಲ."

"ಅವ್ರೇನ್ ಉಣ್ತಾರೆ?"

"ಅನ್ನ ಉಣ್ತಾರಂತೆ. ರಾಗಿ ಕಂಡೇ ಇರಲ್ಲ."

ನನಗೆ ಸಿಟ್ಟು ಬಂದದ್ದು ರಾಗಿ ಕಾಣದವರ ಮೇಲಲ್ಲ. ಯಾರಿಗೆ ಏನು ಬೇಕು ಎಂದು ಕೇಳದೆ ಕೊಳಗ ತುಂಬಿದ್ದೆ. ಆದರೆ ಆಡಿದ ಮಾತು ಆಡಿ ಆಗಿತ್ತು. ಮೂಟೆ ಒಳಗೆ ಬರುವಂತಿಲ್ಲ, ಹೊರಗೆ ಹೋಗಲು ದಾರಿಯಿಲ್ಲ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ನೋಡಿಕೊಂಡೇ ಹೋಗುತ್ತಿದ್ದರು.

ಸಂಜೆ ಟ್ರ್ಯಾಕ್ಟರಿನವನು ಬಂದ. ಜಗುಲಿಯ ಅಂಚಿನಲ್ಲಿ ಕೂತು, ಮೂಟೆಗೆ ಬೆನ್ನು ಕೊಟ್ಟು, ಸಮಾಧಾನದ ದನಿಯಲ್ಲಿ ಮಾತಾಡಿದ.

"ನೋಡ್ ದೊಡ್ಡವ್ವ, ನಿನ್ ಮಾತು ಕೆಡಬಾರ್ದು, ನಂಗೂ ಅಷ್ಟೇ. ದೇವಸ್ಥಾನದ ಅನ್ನದಾನಕ್ಕೆ ಕೊಟ್ಬುಡು. ಮನೆಯೊಳಕ್ಕೆ ಬಂದಂಗೂ ಆಗಲ್ಲ, ಮರ್ವಾದೆನೂ ಉಳೀತದೆ. ನಾಳೆ ಬೆಳಿಗ್ಗೆ ನಾನೇ ಟ್ರ್ಯಾಕ್ಟರ್ ತರ್ತೀನಿ."

ಕೇಳಲು ಚೆನ್ನಾಗಿಯೇ ಇತ್ತು. ನನ್ನ ಮಗನೂ ಬಾಗಿಲಲ್ಲಿ ನಿಂತು, ಸರಿ ಅನ್ನವ್ವ, ಎಂದು ಕಣ್ಣಲ್ಲೇ ಹೇಳಿದ. ಅನ್ನದಾನಕ್ಕೆ ಕೊಟ್ಟರೆ ಯಾರು ಬೇಡ ಎನ್ನುತ್ತಾರೆ?

"ಅನ್ನದಾನಕ್ಕೆ ಬೇರೆ ರಾಗಿ ಕೊಡ್ತೀನಿ," ಎಂದೆ. "ಇದು ಅವ್ರದ್ದು. ಅವ್ರದ್ದು ತಗಂಡು ದೇವ್ರಿಗ್ ಕೊಟ್ರೆ ದೇವ್ರಿಗೂ ಕಳ್ಳಮಾಲು ತಿನ್ನಿಸ್ದಂಗೆ."

"ಶಿರಾಕ್ ಒಯ್ಯಾಕಾದ್ರೂ ಟ್ರ್ಯಾಕ್ಟರ್ ಬೇಕಲ್ಲವ್ವಾ?"

"ನೀನ್ ಕೊಡ್ತೀಯಾ?"

"ಅದಕ್ಕಾದ್ರೆ ಕೊಡಲ್ಲ."

"ಅಂಗಾರೆ ಎದ್ದೇಳು. ಅವ್ರ ಮೂಟೆಗ್ ಯಾಕ್ ಬೆನ್ ಕೊಟ್ಕಂಡ್ ಕೂತಿದೀಯ?"

ಅವನು ಎದ್ದ, ಬೆನ್ನಿನ ಧೂಳು ಕೊಡವಿಕೊಂಡು ಹೋದ. ನಗುತ್ತಲೇ ಹೋದ, ಅದನ್ನೂ ಹೇಳಬೇಕು.

ನನಗೆ ದಾರಿ ಹೊಳೆದದ್ದು ಮಾರನೆಯ ಬೆಳಿಗ್ಗೆ ಪಾತ್ರೆ ಬೆಳಗುವಾಗ. ನಮ್ಮತ್ತೆ ಶಿರಾಕ್ಕೆ ಹೋದರೆ ದುಡ್ಡು ಕೊಟ್ಟು ಸಾಮಾನು ತಂದದ್ದೇ ಇಲ್ಲ. ಹುಣಸೆಹಣ್ಣು ಕೊಟ್ಟು ಬೆಲ್ಲ, ರಾಗಿ ಕೊಟ್ಟು ಸೋಪು ತರುತ್ತಿದ್ದಳು. ಈಗ ಯಾಕೆ ಆಗಬಾರದು? ಸೋಪಾಗಿ ಹೋದರೂ ಅದು ಅದೇ ರಾಗಿ.

ಶುಕ್ರವಾರ ಬೆಳಿಗ್ಗೆ ಮಗ ಗೊಣಗಿಕೊಂಡೇ ಮೂಟೆಗಳನ್ನು ಬಸ್ಸಿಗೆ ಎತ್ತಿದ. ಮಧುಗಿರಿಯಲ್ಲಿ ಇಳಿದು ಶಿರಾ ಬಸ್ಸು ಹಿಡಿಯಬೇಕು. ನಾನು, ಮೊಮ್ಮಗಳು, ಮೂರು ಮೂಟೆ. ಕಂಡಕ್ಟರು ಅಡ್ಡ ನಿಂತ.

"ಹೆಂಗಸ್ರಿಗೆ ಫ್ರೀ ಅಜ್ಜಿ, ಮೂಟೆಗಲ್ಲ."

"ಒಳಗಿರಾದು ನಮ್ ಭೂಮ್ತಾಯಿ ಮಕ್ಳು ಕಣಪ್ಪ, ಅವೂ ಹೆಣ್ಣೇ."

"ಅಂಗಾರೆ ಆಧಾರ್ ಕಾರ್ಡ್ ತೋರ್ಸು ಮೂಟೇದು," ಎಂದ. ಬಸ್ಸೆಲ್ಲ ನಕ್ಕಿತು. ಲಗೇಜು ಚೀಟಿ ಹರಿದೇ ಹರಿದ, ಬಿಡಲಿಲ್ಲ. ಅವನ ಕೆಲಸ ಅವನು ಮಾಡಿದ, ನಾನೇನೂ ಅನ್ನಲಿಲ್ಲ.

ಶಿರಾದಲ್ಲಿ ಮೊದಲು ಹೊಕ್ಕ ಅಂಗಡಿ ಗಾಜಿನ ಬಾಗಿಲಿನದು. ಅಲ್ಲಿ ಕೂತ ಹುಡುಗಿ, "ಕಂಪ್ಯೂಟರ್ರು ರಾಗಿ ತಗಳಲ್ಲ ಅಜ್ಜಿ," ಎಂದು ಮರ್ಯಾದೆಯಾಗಿಯೇ ಹೇಳಿದಳು. ಇನ್ನೊಂದು ಅಂಗಡಿಯವನು ನಮ್ಮನ್ನು ಕೂಲಿ ಕೇಳಲು ಬಂದವರೆಂದುಕೊಂಡ. ಕೊನೆಗೆ ನಮ್ಮತ್ತೆ ಹೋಗುತ್ತಿದ್ದ ಹಳೆಯ ಬೀದಿಗೇ ಹೋದೆವು. ಅಲ್ಲಿ ಒಬ್ಬರು ಸಾಬರ ದಿನಸಿ ಅಂಗಡಿ ಇನ್ನೂ ಇತ್ತು, ಕಾಳು ಕೊಳ್ಳುವ ತಕ್ಕಡಿಯೂ ಇತ್ತು. ಯಜಮಾನರಿಗೆ ಬಿಳಿ ಗಡ್ಡ, ನಮ್ಮತ್ತೆಯ ಹೆಸರು ಹೇಳಿದರೆ ಗುರುತು ಹಿಡಿದರು. ಮೂಟೆಗೆ ಕೈ ಹಾಕಿ, ರಾಗಿಯನ್ನು ಅಂಗೈಗೆ ಸುರಿದು, ಒಂದು ಕಾಳನ್ನು ಹಲ್ಲಿಗೆ ಕಚ್ಚಿದರು.

"ಮಳೆಗ್ ಸಿಕ್ಕೈತೆ ಅಮ್ಮಾ ಇದು."

"ನಿಮ್ ಹಲ್ಲು ಮಳೆಗ್ ಸಿಕ್ಕಿರ್ಬೇಕು ಸಾಬ್ರೆ. ಇದು ಕಣದ ರಾಗಿ."

"ಯಾ ಅಲ್ಲಾ! ನಿಮ್ಮತ್ತೆ ಬಾಯೇ ನಿಮಗೂ ಬಂದೈತೆ," ಎಂದು ತಕ್ಕಡಿಗೆ ಎತ್ತಿಸಿದರು. ದುಡ್ಡು ಬೇಡ, ಸೋಪು ಕೊಡಿ ಎಂದೆ. ಬಟ್ಟೆ ಸೋಪಿನ ಬಾರು ತೆಗೆದು ಮುಂದಿಟ್ಟರು.

"ಆಸ್ಪತ್ರೇಲಿ ಬಟ್ಟೆ ಸೋಪಲ್ಲಿ ಮೈ ಉಜ್ಕಳಿ ಅನ್ಲಾ? ಮೈ ಸೋಪ್ ಕೊಡಿ."

"ಆಸ್ಪತ್ರೆ? ಯಾರಿಗೆ ಹುಷಾರಿಲ್ಲ?"

ಮೊಮ್ಮಗಳು ಹೇಳಿದಳು. ಅವರು ಗಡ್ಡ ನೀವಿಕೊಂಡು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಗಾಜಾಕ್ಕೆ ಅಂದಿದ್ರೆ ನಾನೇ ಎತ್ತಿ ಕೊಡ್ತಿದ್ದೆ ಅಮ್ಮಾ. ದಿನಾ ಟೀವಿಲಿ ಆ ಮಕ್ಕಳನ್ನ ನೋಡಿ ನೋಡಿ ಊಟ ಸೇರಲ್ಲ. ಈ ದೇಶ ಎಲ್ಲೈತೋ ಏನೋ. ಅಲ್ಲಿ ನಮ್ಮೋರು ಯಾರಿದಾರೆ?"

"ನಮ್ಮೋರೂ ಯಾರೂ ಇಲ್ಲ ಅಲ್ಲಿ," ಎಂದೆ. "ನಮ್ಮೋರಿಗಾದ್ರೆ ಎಲ್ಲಾರೂ ಕೊಡ್ತಾರೆ."

ಅವರು ನನಗೆ ಬೆನ್ನು ಮಾಡಿ ಕಪಾಟಿನ ಕಡೆ ತಿರುಗಿದರು. ಕೋಪ ಬಂತೇನೋ ಎಂದುಕೊಂಡೆ. ಬಂದರೆ ಬರಲಿ, ತಪ್ಪು ಮಾತೇನೂ ಆಡಿರಲಿಲ್ಲ. ಬಾರು ಸೋಪನ್ನು ತೆಗೆದು ಮೈ ಸೋಪಿನ ಡಬ್ಬಗಳನ್ನು ಇಳಿಸಿದರು. ರಾಗಿಗೆ ಎಷ್ಟು ಬರಬೇಕೋ ಅಷ್ಟೇ ಎಣಿಸಿದರು, ಜಾಸ್ತಿ ಒಂದೂ ಇಲ್ಲ. ನನಗೆ ಅದು ಹಿಡಿಸಿತು. ಧರ್ಮಕ್ಕೆ ಕೊಟ್ಟಿದ್ದರೆ ಹೆಂಗಸರ ಮೊರಗಳಿಗೆ ಬೆಲೆ ಇಲ್ಲದಾಗುತ್ತಿತ್ತು. ನಮ್ಮದನ್ನು ಕಟ್ಟಿದ ಮೇಲೆ, ಬೇರೆ ಒಂದು ಡಬ್ಬಕ್ಕೆ ಹತ್ತಿಯ ಸುರುಳಿ ತುಂಬಿ, ಬೇರೆ ದಾರದಲ್ಲಿ ಬಿಗಿದು ಮೊಮ್ಮಗಳ ಕೈಗೆ ಕೊಟ್ಟರು.

"ಇದು ನಂದು. ನಿಮ್ದ್ರಲ್ಲಿ ಸೇರಿಸ್ಬೇಡಿ."

"ಯಾಕ್ ಸೇರಿಸ್ತೀವಿ?" ಎಂದೆ.

ಲಾರಿ ನಿಂತಿದ್ದ ಬಯಲಿಗೆ ಹೋದರೆ ಅಲ್ಲಿ ಒಂದು ಗಲಾಟೆ. ಪಾವಗಡದ ಕಡೆ ವೈ.ಎನ್.ಹೊಸಕೋಟೆಯಿಂದ ಬಂದ ಹೆಂಗಸರು ಕಡಲೆಕಾಯಿ ಮೂಟೆಗಳ ಮೇಲೆ ಕೂತು, ಇಳಿಯುವುದಿಲ್ಲ ಎನ್ನುತ್ತಿದ್ದರು. ಲಾರಿಗೆ ತುಂಬಿಸುವ ಹುಡುಗರು ಕೈ ಮುಗಿದು ಬೇಡಿಕೊಳ್ಳುತ್ತಿದ್ದರು. ಮೂಟೆಯ ಮೇಲಿದ್ದ ಗಟ್ಟಿಗಿತ್ತಿಯೊಬ್ಬಳು ನನ್ನ ಕಂಕುಳಿನ ಖಾಲಿ ಚೀಲ ನೋಡಿ, ತೆಲುಗು ಬೆರೆಸಿ ಕೂಗಿದಳು:

"ಏಮಕ್ಕಾ, ನೀವೂ ಮೂಟೆ ತೆಚ್ಚಿನಾರಾ? ಹೇಳಿ ಇವ್ರಿಗೆ, ಕೊಟ್ಟಿದ್ದು ವಾಪಸ್ ತಗಂಡ್ ಹೋದ್ರೆ ನಮ್ಮೂರಲ್ಲಿ ಮುಖ ಎತ್ತಂಗಿಲ್ಲ!"

ನಾನು ನಕ್ಕೆ. ಆ ದಿನ ನಾನು ನಕ್ಕದ್ದು ಅದೊಂದೇ ಸಲ. ದಡ್ಡತನ ನನ್ನೊಬ್ಬಳದೇ ಅಲ್ಲ ಎಂದು ಗೊತ್ತಾದರೆ ಎದೆ ಎಷ್ಟು ಹಗುರಾಗುತ್ತದೆ! ಮೊಮ್ಮಗಳನ್ನು ಜೊತೆ ಮಾಡಿ ಅವರನ್ನು ಸಾಬರ ಅಂಗಡಿಗೆ ಕಳಿಸಿದೆ. ಗಾಡಿ ತುಂಬ ಕಡಲೆಕಾಯಿ ಬರುವುದನ್ನು ಕಂಡು ಸಾಬರು ತಲೆ ಮೇಲೆ ಕೈ ಹೊತ್ತರಂತೆ. ಆದರೆ ತಕ್ಕಡಿ ಮಾತ್ರ ಎತ್ತಿದರಂತೆ.

ನಾನು ಬಯಲಿನಲ್ಲೇ ಕೂತು ನಮ್ಮ ಸೋಪು ಲಾರಿಗೆ ಏರುವುದನ್ನು ನೋಡಿದೆ. ತುಂಬಿಸುವ ಹುಡುಗನೊಬ್ಬನಿಗೆ ಕೇಳಿದೆ: "ಮುಟ್ಟುತ್ತೇನಪ್ಪ ಇದು?"

ಅವನು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಜ್ಜಿ. ಹಡಗನ್ನ ಎಲ್ಲಿ ತಡೀತಾರೋ. ಲೇಟಾಗ್ಬೋದು, ವಾಪಸ್ಸೂ ಬರ್ಬೋದು."

"ವಾಪಸ್ ಬಂದ್ರೆ ಇನ್ನೊಂದ್ ದಾರೀಲಿ ಕಳ್ಸು. ನಮ್ಮೂರಿಗ್ ಮಾತ್ರ ತರಬೇಡ," ಎಂದೆ.

ಸೋಪಿನಿಂದ ಅವರಿಗೆ ಕರೆಂಟು ಬರುವುದಿಲ್ಲ, ಎಣ್ಣೆ ಬರುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ನನ್ನ ಮಗಳನ್ನು ಪಾವಗಡದ ಕಡೆ ಕ್ಯಾತಗಾನಚೆರ್ಲಿಗೆ ಕೊಟ್ಟಿದೆ. ಅವಳ ಹೊಲದ ಮೇಲೆ ಈಗ ಸೋಲಾರ್ ಗಾಜುಗಳು, ಬಿಸಿಲಿನಲ್ಲೇ ಕರೆಂಟು ತೆಗೆಯುತ್ತಾರೆ. ಅವಳು ಫೋನಿನಲ್ಲಿ, "ಅಮ್ಮಾ, ಅವ್ರ ಊರಲ್ಲಿ ಬಿಸಿಲಿಲ್ವಾ?" ಎಂದಳು. ಇರುತ್ತದೆ. ಗಾಜು ತರುವ ಹಡಗನ್ನೂ ಯಾರಾದರೂ ಬಿಡಬೇಕಲ್ಲ. ಬಿಡುವವರು ದೊಡ್ಡವರು. ಅವರ ಹತ್ತಿರ ನನಗೇನೂ ಮಾತಿಲ್ಲ. ಸಾಲಿನಲ್ಲಿ ನಿಂತವರ ಹತ್ತಿರ ಇದೆ: ಪಕ್ಕದವಳ ಚೀಲವನ್ನು ನಿಮ್ಮದರ ಜೊತೆ ತಳ್ಳಿಕೊಳ್ಳಿ. ಮಿಲ್ಲಿನವನು ಕೇಳಿದರೆ ನನ್ನದೇ ಎನ್ನಿ.

ಆ ಹೊಳವನಹಳ್ಳಿಯವಳಿಗೆ ನಾನು ಮುಯ್ಯಿ ತೀರಿಸಿದೆ ಎಂದು ಮೊಮ್ಮಗಳು ಬರೆಯಲು ಹೇಳಿದಳು. ಬರೆಯುವುದಿಲ್ಲ. ಅವಳು ಮುಯ್ಯಿ ಕೇಳಿರಲಿಲ್ಲ.

ಊರಿಗೆ ಮರಳಿದ್ದು ಸಂಜೆ, ದನ ಮನೆಗೆ ಬರುವ ಹೊತ್ತು. ಟ್ರ್ಯಾಕ್ಟರಿನವನು ಅರಳಿಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ. ನನ್ನ ಕಂಕುಳಲ್ಲಿ ಮಡಿಸಿದ ಖಾಲಿ ಚೀಲಗಳಿದ್ದವು. ಅವನು ನೋಡಿದ.

"ಏನ್ ದೊಡ್ಡವ್ವ, ನಿನ್ ಸೋಪ್ ನೋಡಿ ಅಮೇರಿಕ ಹೆದ್ರುಕೊಂತಾ?"

ಎಲ್ಲರೂ ನಕ್ಕರು. ನಾನು ನಿಂತೆ.

"ಹೆದ್ರಲ್ಲ ಕಣ್ಲಾ. ನಿಮ್ಮಪ್ಪನೂ ಹೆದ್ರಿರ್ಲಿಲ್ಲ, ಮಿಲ್ ಮುಚ್ದಾಗ. ಆದ್ರೆ ನಾನ್ ಹಿಟ್ ತಂದೆ. ನನ್ ಮಕ್ಳು ಉಂಡ್ರು."

ಅವನು ಕಟ್ಟೆಯಿಂದ ಕಾಲು ಇಳಿಸಿ ಚಪ್ಪಲಿ ಹುಡುಕಿದ. ಅವನಿಗೆ ನೆನಪಿತ್ತು, ಈಗ ಗೊತ್ತಾಯಿತು. ಮೂಟೆಯ ಧೂಳು ಕೊಡವಿಕೊಂಡ ಹಾಗೆ ಈ ಸಲ ಕೊಡವಿಕೊಳ್ಳಲು ಅವನಿಗೆ ಏನೂ ಸಿಗಲಿಲ್ಲ.

ಮನೆಗೆ ಬಂದೆ. ಜಗುಲಿ ಖಾಲಿಯಿತ್ತು. ಖಾಲಿ ಚೀಲ ಒಳಗೆ ಬರಬಹುದು, ಅದಕ್ಕೆ ತಡೆಯಿಲ್ಲ. ಕೊಡವಿ, ಮಡಿಸಿ, ಅಟ್ಟಕ್ಕೆ ಎಸೆದೆ. ಬರುವ ವರ್ಷ ರಾಗಿ ಆದರೆ ಬೇಕಾಗುತ್ತವೆ. ಆ ಹೊತ್ತಿಗೂ ಕಟ್ಟು ಬಿಚ್ಚಿರದಿದ್ದರೆ ಮೊದಲ ಕೊಳಗ ಯಾರದು ಎಂದು ಈಗಲೇ ಹೇಳಿಬಿಡುತ್ತೇನೆ, ಟ್ರ್ಯಾಕ್ಟರಿನವನು ಕೇಳಿಸಿಕೊಳ್ಳಲಿ. ಅವರದೇ. ಅಳೆಯುವ ಮುಂಚೆ ಮಾತ್ರ ಈ ಸಲ ಕೇಳುತ್ತೇನೆ, ಏನು ಬೇಕೆಂದು.